ಕ್ಯಾಂಬರ್‌ವೆಲ್ ಅಧ್ಯಯನ: ಖಿನ್ನತೆಯ ಸಾಮಾಜಿಕ ಬೇರುಗಳು

ಕಷ್ಟ ಎಲ್ಲರಿಗೂ ಬರುತ್ತದೆ. ಖಿನ್ನತೆ ಕೆಲವರನ್ನೇ ಏಕೆ ಹಿಡಿಯುತ್ತದೆ? ಮನೋವಿಜ್ಞಾನ, ಸಮಾಜಕಾರ್ಯ ಓದುತ್ತಿರುವವರು ಈ ಪ್ರಶ್ನೆಯನ್ನು ಬ್ರಿಟನ್ನಿನ ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಅವರ ಅಧ್ಯಯನದಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ 458 ಮಹಿಳೆಯರನ್ನು ಸಂದರ್ಶಿಸಿ ಅವರು ಕಂಡುಕೊಂಡದ್ದು 1978ರಲ್ಲಿ ಪುಸ್ತಕವಾಗಿ ಬಂತು. ದುಡಿಯುವ ವರ್ಗದ ಮಹಿಳೆಯರಲ್ಲಿ ಶೇ 23ರಷ್ಟು ಮಂದಿ ಖಿನ್ನತೆಗೆ ಒಳಗಾಗಿದ್ದರೆ, ಮಧ್ಯಮ ವರ್ಗದಲ್ಲಿ ಆ ಪ್ರಮಾಣ ಶೇ 6 ಮಾತ್ರ. ಮಕ್ಕಳು ಮನೆಯಲ್ಲಿದ್ದ ಮಹಿಳೆಯರಲ್ಲೇ ಈ ಅಂತರ ಎದ್ದು ಕಾಣುತ್ತಿತ್ತು.

ಅವರ ವಿಧಾನವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಅಧ್ಯಯನದ ಜೀವ ಇರುವುದು ಅಲ್ಲಿಯೇ. ಘಟನೆಗಳ ಪಟ್ಟಿ ಕೊಟ್ಟು ಅಂಕ ಹಾಕುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಮತ್ತೊಂದು ಮಗುವಾಗುತ್ತಿದೆ ಎನ್ನೋಣ. ಪತಿಗೆ ಕೆಲಸವಿದ್ದು, ಮನೆ ವಿಶಾಲವಾಗಿದ್ದರೆ ಅದು ಸಂತಸದ ಸುದ್ದಿ. ಒಂದೇ ಕೋಣೆ, ಬಾಕಿ ಬಿದ್ದ ಬಾಡಿಗೆ, ಬಿಟ್ಟುಹೋದ ಪತಿ, ಇವುಗಳ ನಡುವೆ ಅದೇ ಸುದ್ದಿ ಎದೆಯ ಮೇಲೆ ಕಲ್ಲು ಹೇರಿದಂತೆ. ಆದ್ದರಿಂದ ಪ್ರತಿ ಘಟನೆಯನ್ನೂ ಆ ಮಹಿಳೆಯ ಬದುಕಿನ ಸಂದರ್ಭದಲ್ಲಿಟ್ಟು ತೂಗಿದರು. ತೂಗುವವರಿಗೆ ಆಕೆ ಎಷ್ಟು ಕುಗ್ಗಿದಳು ಎಂಬುದನ್ನು ತಿಳಿಸುತ್ತಿರಲಿಲ್ಲ. ಫಲಿತಾಂಶ ನೋಡಿ ಘಟನೆಯ ತೀವ್ರತೆಯನ್ನು ಊಹಿಸುವ ತಪ್ಪಿಗೆ ಹೀಗೆ ಅವಕಾಶವೇ ಉಳಿಯಲಿಲ್ಲ.

ಖಿನ್ನತೆಯತ್ತ ದೂಡುವ ತೀವ್ರ ಘಟನೆಗಳನ್ನೂ ವರ್ಷಗಟ್ಟಲೆ ಎಳೆಯುವ ತೊಂದರೆಗಳನ್ನೂ ಅವರು ಪ್ರಚೋದಕ ಅಂಶಗಳು ಎಂದು ಕರೆದರು. ಇವು ಬಂದಾಗ ಅಪಾಯವನ್ನು ಹೆಚ್ಚಿಸುವ ನಾಲ್ಕು ಅಂಶಗಳನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ: ಮನಸ್ಸು ಬಿಚ್ಚಿ ಹೇಳಿಕೊಳ್ಳಬಲ್ಲ ಆಪ್ತ ಸಂಬಂಧ ಇಲ್ಲದಿರುವುದು, 14 ವರ್ಷದೊಳಗಿನ ಮೂವರು ಅಥವಾ ಹೆಚ್ಚು ಮಕ್ಕಳು, ಹೊರಗಿನ ಉದ್ಯೋಗ ಇಲ್ಲದಿರುವುದು, 11 ವರ್ಷಕ್ಕೆ ಮೊದಲೇ ತಾಯಿಯನ್ನು ಕಳೆದುಕೊಂಡಿರುವುದು. ಪ್ರಚೋದನೆ ಇಲ್ಲದಿದ್ದರೆ ಇವು ತಾವಾಗಿಯೇ ಖಿನ್ನತೆ ತರುವುದಿಲ್ಲ. ಉತ್ತರ ಬರೆಯುವಾಗ ಇದನ್ನು ಮರೆಯಬೇಡಿ.

ನನ್ನನ್ನು ಹೆಚ್ಚು ಕಾಡುವುದು ಮೊದಲನೆಯ ಅಂಶ. ಪ್ರಚೋದಕ ಅಂಶ ಎದುರಾದಾಗ, ಪತಿ ಅಥವಾ ಸಂಗಾತಿಯೊಂದಿಗೆ ಗಾಢ ಆಪ್ತತೆ ಇದ್ದವರಲ್ಲಿ ಸುಮಾರು ಶೇ 10ರಷ್ಟು ಮಂದಿ ಖಿನ್ನತೆಗೆ ಬಿದ್ದರು. ಯಾವ ಆಪ್ತರೂ ಇಲ್ಲದವರಲ್ಲಿ ಸುಮಾರು ಶೇ 41. ಇದಕ್ಕೊಂದು ಗಟ್ಟಿ ಆಕ್ಷೇಪವೂ ಇದೆ: ಖಿನ್ನತೆಯೇ ಸಂಬಂಧವನ್ನು ಹಳಸುವಂತೆ ಮಾಡಿರಬಹುದಲ್ಲವೇ? ಹಿಂದಿನದನ್ನು ನೆನಪಿಸಿಕೊಂಡು ಹೇಳಿದ ಮಾಹಿತಿಯಿಂದ ಇದನ್ನು ಬಗೆಹರಿಸಲಾಗದು. ಹಾಗಾಗಿಯೇ ಅವರು ಮುಂದೆ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ, ಆಗಿನ್ನೂ ಖಿನ್ನತೆ ಇಲ್ಲದಿದ್ದ ತಾಯಂದಿರನ್ನು ಮೊದಲು ಸಂದರ್ಶಿಸಿ, ನಂತರ ಅವರ ಸ್ಥಿತಿಯನ್ನು ಗಮನಿಸಿದರು.