ಜೀವಂತ ಸಿಗಡಿ ಯಾರನ್ನು ಕರೆಯುತ್ತದೆ?

ಕರಾವಳಿಯ ಬೆಂಗ್ರೆಯಿರಲಿ, ಗಂಗೊಳ್ಳಿಯಿರಲಿ, ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನ ಕಲ್ಲುಗಳ ಮೇಲೆ ಗಾಳ ಹಾಕುವವರು ಅಕ್ಕಪಕ್ಕದಲ್ಲೇ ನಿಂತಿರುತ್ತಾರೆ. ಒಬ್ಬರ ಗಾಳಕ್ಕೆ ಬರೀ ತೇಡೆ (ಮೀಸೆ ಮೀನು), ತೊರಕೆ (ಚಪ್ಪಟೆ ಮೈಯ ರೇ ಮೀನು), ಏಡಿ. ಪಕ್ಕದವರಿಗೆ ಎಲ್ಲರೂ ಬಯಸುವ ಕುರುಡಿ (ಬಾರಾಮುಂಡಿ), ಕೆಂಬೇರಿ (ಕೆಂಪು ಸ್ನ್ಯಾಪರ್). ನೀರು ಒಂದೇ, ಜಾಗ ಒಂದೇ. ನೋಡುವವರು ಅದೃಷ್ಟ ಅಂತಾರೆ. ಅದೃಷ್ಟ ಇಲ್ಲವೇ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಮೊದಲು ಇಬ್ಬರ ಬಕೆಟ್ ಇಣುಕಿ ನೋಡಬೇಕು. ಒಂದರಲ್ಲಿ ಐಸ್ ಹಾಕಿಟ್ಟ ಸತ್ತ ಸಿಗಡಿ ಇರುತ್ತದೆ. ಇನ್ನೊಂದರಲ್ಲಿ ಓಡಾಡುವ ಸಿಗಡಿ.

ಗಾಳಕ್ಕೆ ಚುಚ್ಚುವ ತಿನಿಸೇ ಎರೆ. ಸತ್ತ ಎರೆ ಮೀನನ್ನು ಕರೆಯುವುದು ವಾಸನೆಯಿಂದ. ಅದರ ಮಾಂಸದಿಂದ ಅಮೈನೋ ಆಮ್ಲಗಳು ಬಿಟ್ಟುಕೊಂಡು ನೀರಿನ ಸೆಳೆತದ ಜೊತೆ ದೂರ ಹೋಗುತ್ತವೆ. ತೇಡೆಯ ಮೀಸೆಯಲ್ಲಿ ರುಚಿ ತಿಳಿಯುವ ಮೊಗ್ಗುಗಳು ಕಿಕ್ಕಿರಿದಿವೆ. ಕೆಸರು ನೀರಲ್ಲಿ ಕಣ್ಣು ಕಾಣದಿದ್ದರೂ ಅದಕ್ಕೆ ಚಿಂತೆಯಿಲ್ಲ, ವಾಸನೆಯ ಜಾಡು ಹಿಡಿದು ಬಂದುಬಿಡುತ್ತದೆ. ಏಡಿಯೂ ಹಾಗೆಯೇ.

ಕುರುಡಿ, ಕೆಂಬೇರಿಗಳ ದಾರಿ ಬೇರೆ. ಇವು ಕಲ್ಲಿನ ಸಂದಿಯಲ್ಲೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಮರೆಯಲ್ಲೋ ಸುಮ್ನೆ ಹೊಂಚು ಹಾಕಿ, ಅಲುಗಾಡಿದ್ದರ ಮೇಲೆ ಬೀಳುತ್ತವೆ. ಹತ್ತಿರದ ಅಲುಗಾಟವನ್ನು ತಿಳಿಯಲು ಕಣ್ಣಿನ ಜೊತೆ ಪಾರ್ಶ್ವರೇಖೆಯೂ ಇದೆ. ಮುಂದಿನ ಸಲ ಮಾರುಕಟ್ಟೆಯಲ್ಲಿ ಇಡೀ ಕುರುಡಿ ಸಿಕ್ಕರೆ ಮೈಪಕ್ಕ ನೋಡಿ. ಕಿವಿರಿನ ಹಿಂದೆ ಶುರುವಾದ ಒಂದು ಸಣ್ಣ ಗೆರೆ ಬಾಲದ ರೆಕ್ಕೆಯ ಮೇಲೂ ಮುಂದುವರಿದಿರುತ್ತದೆ. ಆ ಗೆರೆಯುದ್ದಕ್ಕೂ ಚರ್ಮದ ಕೆಳಗೆ ಕೊಳವೆಯಿದೆ, ಅದಕ್ಕೆ ಹೊರಗಿನಿಂದ ಸಣ್ಣ ಸಣ್ಣ ತೂತು. ಒಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ನಮ್ಮ ಒಳಕಿವಿಯಲ್ಲಿ ಇರುವುದೂ ಇದೇ ಬಗೆಯ ಕೋಶಗಳೇ. ನೀರು ಅಲುಗಿದರೆ ಎಳೆ ಬಾಗುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ. ಇದು ದೂರದ ಸಂಗತಿಗಲ್ಲ. ಮೀನಿನ ಒಂದೆರಡು ಮೈಯುದ್ದದಷ್ಟು ಹತ್ತಿರದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಂಚು ಹಾಕುವವನಿಗೆ ಅಷ್ಟು ಸಾಕಲ್ವಾ?

ಸಿಗಡಿಯೇನೂ ಸುಲಭದ ತುತ್ತಲ್ಲ. ಅಪಾಯ ಕಂಡರೆ ಹೊಟ್ಟೆಯ ಭಾಗವನ್ನು ಫಟ್ಟನೆ ಮಡಚಿ, ಬಾಲದ ಬೀಸಣಿಗೆಯಿಂದ ನೀರು ತಳ್ಳಿ ಹಿಂದಕ್ಕೆ ಹಾರುತ್ತದೆ. ಇದರ ಹಿಂದಿರುವ ದಪ್ಪ ನರದ ಎಳೆಗಳು ಪ್ರಾಣಿಲೋಕದಲ್ಲೇ ಅತಿ ವೇಗದವುಗಳ ಸಾಲಿಗೆ ಸೇರುತ್ತವೆ. ಜಪಾನಿನ ಕುರುಮಾ ಸಿಗಡಿಯಲ್ಲಿ ಸಂದೇಶ ಸೆಕೆಂಡಿಗೆ 200 ಮೀಟರ್ ದಾಟಿ ಓಡುವುದನ್ನು ಅಳೆದಿದ್ದಾರೆ. ನಮ್ಮ ಅತಿ ವೇಗದ ನರಗಳದ್ದು 120 ಮೀಟರಿನ ಆಸುಪಾಸು, ಅಷ್ಟೇ. ಗಾಳಕ್ಕೆ ಸಿಕ್ಕ ಸಿಗಡಿಯೂ ಹೀಗೇ ಜಿಗಿಯಲು ನೋಡುತ್ತದೆ, ಆದರೆ ದೂರ ಹೋಗಲಾರದು. ಪ್ರತಿ ಜಿಗಿತಕ್ಕೂ ನೀರು ಅಲುಗುತ್ತದೆ. ಅದನ್ನು ಉಳಿಸಬೇಕಾದ ಚುರುಕೇ ಅದರ ಜಾಗವನ್ನು ಹೇಳಿಕೊಡುತ್ತದೆ.

ಕುರುಡಿ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದಿಲ್ಲ. ಹತ್ತಿರ ಬಂದು ಬಾಯಿ, ಕಿವಿರುಗಳನ್ನು ಒಮ್ಮೆಲೇ ಅಗಲಿಸುತ್ತದೆ. ಒಳಗೆ ಒತ್ತಡ ಕುಸಿದು, ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ನೀರು ಸಿಗಡಿ ಸಮೇತ ಒಳಗೆ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ರಾತ್ರಿ ಸೇತುವೆ ಕೆಳಗೆ ‘ಬುಳಕ್’ ಅಂತ ದೊಡ್ಡ ಸದ್ದು ಕೇಳುತ್ತದಲ್ಲ, ಮೇಲ್ಮೈಯಲ್ಲಿ ಬೇಟೆ ನಡೆದಾಗ ಬರುವ ಸದ್ದು ಅದು.

ಹಾಗಾಗಿ ಸಿಗಡಿ ಬದುಕಿರುವುದಷ್ಟೇ ಸಾಲದು, ಲವಲವಿಕೆಯಿಂದ ಇರಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ತಲೆಯ ಮೇಲಿನ ಗರಗಸದಂಥ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗಿಂತ ಮುಂದೆ, ಚಿಪ್ಪಿನಲ್ಲಷ್ಟೇ ಕೊಕ್ಕೆ ದಾಟಿಸಬೇಕು. ಆ ಕಪ್ಪು ಚುಕ್ಕೆಯನ್ನು ಮಿದುಳು ಅನ್ನುವವರಿದ್ದಾರೆ. ಅಲ್ಲ, ಅದು ಹೊಟ್ಟೆ ಮತ್ತು ಜೀರ್ಣಗ್ರಂಥಿ. ಮಿದುಳು ಕಣ್ಣುಗಳ ಹಿಂದೆಯೇ ಇರುವ ಚಿಕ್ಕ ಗಂಟು. ಹೃದಯ ತಲೆಚಿಪ್ಪಿನ ಹಿಂತುದಿಯಲ್ಲಿ. ಕೊಕ್ಕೆ ಇವುಗಳಲ್ಲಿ ಯಾವುದಕ್ಕೆ ತಾಗಿದರೂ ಆಟ ಮುಗಿಯಿತು, ಮತ್ತೆ ತೇಡೆಯೇ ಗತಿ.

ಇನ್ನು ಬಕೆಟ್. ಸಮುದ್ರದ ನೀರು 30 ಡಿಗ್ರಿ ಬಿಸಿಯಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿಯಬಲ್ಲದು. ಬಿಸಿ ಏರಿದಂತೆ ಅದೂ ಇಳಿಯುತ್ತದೆ, ಸಿಗಡಿಯ ಉಸಿರಾಟ ಮಾತ್ರ ಹೆಚ್ಚುತ್ತದೆ. ಬಿಸಿಲಲ್ಲಿಟ್ಟ ಬಕೆಟ್‌ನಲ್ಲಿ ಸಿಗಡಿ ತುಂಬಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನೀರಿಗೆ ಗಾಳಿ ಊದುವ ಬ್ಯಾಟರಿಯ ಏರೇಟರ್ ಹಾಕಬಹುದು. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಮುಚ್ಚಳ ಬಿಗಿದು ಬಕೆಟ್‌ಗೆ ಇಳಿಸಿದರೆ ತಂಪೂ ಇರುತ್ತದೆ, ಉಪ್ಪಿನ ಹದವೂ ಕೆಡುವುದಿಲ್ಲ. ನಲ್ಲಿ ನೀರು ಮಾತ್ರ ಬೇಡ, ಅದರ ಕ್ಲೋರಿನ್ ಸಿಗಡಿಯನ್ನು ಕೊಲ್ಲುತ್ತದೆ. ಜಪಾನಿನಲ್ಲಂತೂ ಕುರುಮಾ ಸಿಗಡಿಯನ್ನು ತಂಪಾದ ಮರದ ಹೊಟ್ಟಿನಲ್ಲಿ ಹುದುಗಿಸಿ, ನೀರೇ ಇಲ್ಲದೆ ಜೀವಂತ ಸಾಗಿಸುತ್ತಾರೆ. ಕಿವಿರು ಒದ್ದೆಯಾಗಿ, ಮೈ ತಣ್ಣಗಿದ್ದರೆ ಅಷ್ಟು ಹೊತ್ತು ತಡೆದುಕೊಳ್ಳುತ್ತವೆ.

ಹೊತ್ತು ಯಾವುದು? ಇಳಿತ ಶುರುವಾದ ಮೇಲೆ. ನಮ್ಮ ಕರಾವಳಿಯಲ್ಲಿ ಏರಿಳಿತ ದೊಡ್ಡದಲ್ಲ, ಅಮಾವಾಸ್ಯೆ-ಹುಣ್ಣಿಮೆಗೆ ಒಂದೂವರೆ-ಎರಡು ಮೀಟರ್. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಬಾರದು. ನಮ್ಮ ಬಿಳಿ ಸಿಗಡಿಗಳು ಹುಟ್ಟುವುದು ಸಮುದ್ರದಲ್ಲಿ, ಮರಿಯಾಗಿ ಬೆಳೆಯುವುದು ಅಳಿವೆಯಲ್ಲಿ. ಬಲಿತ ಮೇಲೆ ಇಳಿಯುವ ನೀರಿನ ಜೊತೆ ಮತ್ತೆ ಸಮುದ್ರಕ್ಕೆ ಹೊರಡುತ್ತವೆ. ನೀರು ಇಕ್ಕಟ್ಟಾಗಿ ಹರಿಯುವ ಕಡೆ, ಕಲ್ಲಿನ ಮರೆಯಲ್ಲಿ ಕುರುಡಿ ಕಾದಿರುತ್ತದೆ.

ಜೀವಂತ ಎರೆಗೆ ಒಂದು ಕೆಟ್ಟ ಗುಣವೂ ಇದೆ. ಮೀನು ಅನುಮಾನವಿಲ್ಲದೆ ಪೂರ್ತಿ ನುಂಗುತ್ತದೆ, ಕೊಕ್ಕೆ ಗಂಟಲಿಗೆ ಇಳಿಯುತ್ತದೆ. ಹಾಗೆ ಗಾಯವಾದ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ. ಅದಕ್ಕೇ ಮೊನೆ ಒಳಮುಖವಾಗಿರುವ ಸರ್ಕಲ್ ಹುಕ್ ವಾಸಿ. ಅದು ಹೆಚ್ಚಾಗಿ ಗಂಟಲಿಂದ ಜಾರಿ ಬಂದು ಬಾಯಿಯ ಮೂಲೆಗೆ ಸಿಕ್ಕುತ್ತದೆ. ಜಗ್ಗಿ ಎಳೆಯುವ ಚಟ ಮಾತ್ರ ಬಿಡಬೇಕು, ದಾರ ಬಿಗಿಯಾಗಲು ಬಿಟ್ಟರೆ ಸಾಕು.

ಬಿಡುವ ಮಾತು ಯಾಕೆ ಬಂತು ಅಂದರೆ, ಕುರುಡಿ ಮೊದಲು ಗಂಡಾಗಿ ಬಲಿಯುತ್ತದೆ, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಭಾರೀ ಗಾತ್ರದವು ಹೆಚ್ಚೂಕಡಿಮೆ ಎಲ್ಲವೂ ಹೆಣ್ಣೇ, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡುವಂಥವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಮೀನಿಗೆ 58 ಸೆಂಟಿಮೀಟರ್ ಕೆಳಮಿತಿ, 120 ಮೇಲ್ಮಿತಿ. ಅದಕ್ಕಿಂತ ದೊಡ್ಡದು ಸಿಕ್ಕರೆ ಬಿಟ್ಟುಬಿಡಬೇಕು. ನನಗಂತೂ ಕೆಳಮಿತಿಗಿಂತ ಈ ಮೇಲ್ಮಿತಿಯೇ ಜಾಣತನದ್ದು ಅನಿಸುತ್ತದೆ. ಸಾರಿಗೂ ಮಧ್ಯಮ ಗಾತ್ರದ್ದೇ ರುಚಿ.