ಕಾಗೆ, ಕೊಂಬೆ ಮತ್ತು ಟೆನಿಸ್ ಕೋಚ್

2022ರ ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅರಿನಾ ಸಬಲೆಂಕಾ ಆಡಿದ ಎರಡು ಪಂದ್ಯಗಳು ನೋಡುವವರ ಹೊಟ್ಟೆಯಲ್ಲೂ ಸಂಕಟ ಹುಟ್ಟಿಸುವಂತಿದ್ದವು. ಆಗ ಅವರು ವಿಶ್ವದ ಎರಡನೇ ಶ್ರೇಯಾಂಕದ ಟೆನಿಸ್ ಆಟಗಾರ್ತಿ. ಮೊದಲ ಪಂದ್ಯದಲ್ಲಿ 18 ಡಬಲ್ ಫಾಲ್ಟ್ (ಸರ್ವ್‌ನ ಎರಡೂ ಯತ್ನ ತಪ್ಪಿ ಪಾಯಿಂಟ್ ಎದುರಾಳಿಗೆ ಹೋಗುವುದು), ಮರುವಾರದ ಪಂದ್ಯದಲ್ಲಿ 21, ಎರಡರಲ್ಲೂ ಸೋಲು. ಮೇಲಕ್ಕೆಸೆದ ಚೆಂಡು ಒಮ್ಮೆ ತಲೆಯ ಹಿಂದಕ್ಕೆ, ಇನ್ನೊಮ್ಮೆ ತೀರಾ ಮುಂದಕ್ಕೆ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಅವರು ಮಕ್ಕಳಿಗೆ ಆಡಿಸುವವರಂತೆ ಸೊಂಟದ ಕೆಳಗಿನಿಂದ ಸರ್ವ್ ಮಾಡಿದ್ದೂ ಉಂಟು. ಅದಾಗಿ ಕೆಲವೇ ವಾರಗಳಲ್ಲಿ ಅವರ ಕೋಚ್ ಆಂಟನ್ ಡುಬ್ರೊವ್, ತನ್ನ ಬಳಿ ಇನ್ನು ಕೊಡಲು ಏನೂ ಉಳಿದಿಲ್ಲ, ಬೇರೆಯವರನ್ನು ಹುಡುಕಿಕೊಳ್ಳುವುದೇ ಒಳ್ಳೆಯದು ಎಂದರಂತೆ. ಸಬಲೆಂಕಾ ಒಪ್ಪಲಿಲ್ಲ. ತಪ್ಪು ಡುಬ್ರೊವ್ ಅವರದಲ್ಲ, ಈ ಕಷ್ಟವನ್ನು ಕೂಡಿಯೇ ದಾಟಬೇಕು ಎಂದು ಅವರನ್ನು ಉಳಿಸಿಕೊಂಡರು. ಮರುವರ್ಷ ಅದೇ ಜನವರಿಯಲ್ಲಿ, ಅದೇ ದೇಶದ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಎಲೆನಾ ರಿಬಾಕಿನಾ ಅವರನ್ನು ಸೋಲಿಸಿ ತಮ್ಮ ಮೊದಲ ಸಿಂಗಲ್ಸ್ ಗ್ರ್ಯಾನ್‌ಸ್ಲಾಂ ಗೆದ್ದರು.

ಈ ಕಥೆಯಲ್ಲಿ ನಡೆಯದೇ ಹೋದ ಸಂಗತಿಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅಂದು ಸಬಲೆಂಕಾ ‘ಸರಿ’ ಎಂದು ತಲೆಯಾಡಿಸಿ ಹೊಸ ಕೋಚ್ ಒಬ್ಬರನ್ನು ತಂದಿದ್ದರೆ, ಮೆಲ್ಬರ್ನ್ ಗೆಲುವಿನ ಮರುದಿನ ಪತ್ರಿಕೆಗಳಲ್ಲಿ ಆ ಹೊಸಬರ ಚಿತ್ರ ಇರುತ್ತಿತ್ತು. ಡುಬ್ರೊವ್ ಅವರನ್ನು ಬಿಟ್ಟದ್ದೇ ಸಬಲೆಂಕಾ ಅವರ ಬದುಕಿನ ತಿರುವು ಎಂದು ನಾವೆಲ್ಲ ನಂಬುತ್ತಿದ್ದೆವು, ಮತ್ತು ಆ ನಂಬಿಕೆಯನ್ನು ಸುಳ್ಳೆಂದು ತೋರಿಸಲು ಯಾರ ಬಳಿಯೂ ಪುರಾವೆ ಇರುತ್ತಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಟೆನಿಸ್‌ನಲ್ಲಿ ಕೋಚ್ ಬದಲಾವಣೆಯ ಲೆಕ್ಕಾಚಾರ ಬಹುಮಟ್ಟಿಗೆ ಆ ಗಾದೆಯ ಸುತ್ತಲೇ ತಿರುಗುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಸರಾಸರಿಯತ್ತ ಮರಳುವಿಕೆ’ ಎಂಬ ಹೆಸರಿದೆ. ತೀರಾ ಎತ್ತರದ ತಂದೆತಾಯಿಯರ ಮಕ್ಕಳು ಒಟ್ಟಾರೆಯಾಗಿ ಎತ್ತರವೇ ಇದ್ದರೂ ಹೆತ್ತವರಷ್ಟು ಎತ್ತರ ಇರುವುದಿಲ್ಲ ಎಂಬುದನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಳತೆಗಳ ಸಮೇತ ತೋರಿಸಿದರು. ಯಾವುದೇ ಫಲಿತಾಂಶದಲ್ಲಿ ಸಾಮರ್ಥ್ಯದ ಪಾಲಿನ ಜೊತೆಗೆ ಅದೃಷ್ಟದ ಪಾಲೂ ಇದ್ದರೆ, ಅತಿ ಕೆಟ್ಟ ಫಲಿತಾಂಶದ ಹಿಂದೆ ಕೆಟ್ಟ ಅದೃಷ್ಟವೂ ಇದ್ದಿರುವ ಸಂಭವ ಹೆಚ್ಚು. ಅದೃಷ್ಟ ಸದಾ ಕೆಟ್ಟದ್ದೇ ಆಗಿರದ ಕಾರಣ ಮುಂದಿನ ಫಲಿತಾಂಶ ತಾನಾಗಿಯೇ ಸುಧಾರಿಸುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಇದು ಹೊಳೆದದ್ದು ಇಸ್ರೇಲಿನ ವಾಯುಪಡೆಯ ಶಿಕ್ಷಕರಿಗೆ ಪಾಠ ಹೇಳುತ್ತಿದ್ದಾಗ. ಹೊಗಳಿದರೆ ಹುಡುಗರು ಮರುದಿನ ಕೆಡುತ್ತಾರೆ, ಬೈದರೆ ಸುಧಾರಿಸುತ್ತಾರೆ ಎಂದು ಒಬ್ಬ ಅನುಭವಿ ಶಿಕ್ಷಕರು ಎದ್ದು ನಿಂತು ವಾದಿಸಿದರು. ಅವರು ಕಂಡದ್ದು ನಿಜವೇ ಆಗಿತ್ತು. ಆದರೆ ಅಪರೂಪಕ್ಕೆ ಚೆನ್ನಾಗಿ ಹಾರಿಸಿದಾಗಷ್ಟೇ ಹೊಗಳಿಕೆ, ಅಪರೂಪಕ್ಕೆ ಕೆಟ್ಟದಾಗಿ ಹಾರಿಸಿದಾಗಷ್ಟೇ ಬೈಗುಳ ಸಿಗುತ್ತಿದ್ದುದರಿಂದ, ಶಿಕ್ಷಕರು ಬಾಯಿ ತೆರೆಯದಿದ್ದರೂ ಮರುದಿನ ಹಾಗೆಯೇ ಆಗುತ್ತಿತ್ತು.

ಟೆನಿಸ್ ಆಟಗಾರರು ಕೋಚ್ ಬದಲಿಸುವುದು ಸಾಮಾನ್ಯವಾಗಿ ಯಾವಾಗ? ಸಾಲು ಸೋಲು ಕಂಡು, ಶ್ರೇಯಾಂಕ ಜಾರಿ, ಎಲ್ಲರಿಗೂ ಬೇಸರ ಬಂದಾಗ. ಬೈಗುಳದ ಜಾಗದಲ್ಲಿ ಹೊಸ ಕೋಚ್ ನಿಲ್ಲುತ್ತಾರೆ, ಅಷ್ಟೇ.

ಹಾಗಾದರೆ ಕೋಚ್ ನಿಜಕ್ಕೂ ಎಷ್ಟು ವ್ಯತ್ಯಾಸ ತರುತ್ತಾರೆ ಎಂದು ಅಳೆಯಲು ಸಾಧ್ಯವೇ? ಟೆನಿಸ್‌ನಲ್ಲಿ ಇದು ಅಂದುಕೊಂಡದ್ದಕ್ಕಿಂತ ಕಷ್ಟ. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ತಮ್ಮದೇ ಲೆಕ್ಕವೊಂದನ್ನು ಹೇಳಿದರು: ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ 80ರಷ್ಟು ಗೆಲುವು, ಆದರೆ ಆಡಿದ ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ 54 ಮಾತ್ರ. ಪಾಯಿಂಟ್‌ಗಳು ಗೇಮ್ ಆಗಿ, ಗೇಮ್‌ಗಳು ಸೆಟ್ ಆಗಿ, ಸೆಟ್‌ಗಳು ಪಂದ್ಯವಾಗಿ ಒಂದರ ಮೇಲೊಂದು ಕೂಡುವ ಈ ಆಟದಲ್ಲಿ ತಳದ ಸಣ್ಣ ಅಂತರ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಪಾಯಿಂಟ್‌ಗಳೆಲ್ಲ ಒಂದೇ ಬಗೆಯವು ಎಂದು ಸ್ಥೂಲವಾಗಿ ಹಿಡಿದು ಲೆಕ್ಕ ಹಾಕಿದರೆ, ನೂರರಲ್ಲಿ 50 ಪಾಯಿಂಟ್ ಗೆಲ್ಲುವವನನ್ನು ಕೋಚ್ 51ಕ್ಕೆ ಏರಿಸಿದರೆ ಸಾಕು, ಮೂರು ಸೆಟ್‌ಗಳ ಪಂದ್ಯ ಗೆಲ್ಲುವ ಅವನ ಸಾಧ್ಯತೆ ಶೇ 60ರ ಆಸುಪಾಸಿಗೆ ಹೋಗುತ್ತದೆ.

ನೂರಕ್ಕೆ ಒಂದೇ ಪಾಯಿಂಟ್. ವೃತ್ತಿಪರ ಟೆನಿಸ್‌ನಲ್ಲಿ ಅದು ದೊಡ್ಡ ಸಾಧನೆಯೇ, ಕೋಚ್‌ಗೆ ಕೊಡುವ ಸಂಬಳ ಸಾರ್ಥಕವಾಗುವಷ್ಟು. ಆದರೆ ಅದನ್ನು ಕಣ್ಣಿನಿಂದ ಗುರುತಿಸಬಲ್ಲಿರಾ? ಹೊಸ ಕೋಚ್ ಜೊತೆ ಆಟಗಾರ 25 ಪಂದ್ಯ ಆಡಿ 15 ಗೆದ್ದರೆ ಅದೇ ಶೇ 60. ಈಗ ಒಂದು ರೂಪಾಯಿ ನಾಣ್ಯವನ್ನು 25 ಬಾರಿ ಚಿಮ್ಮಿ ನೋಡಿ. ಯಾವ ತರಬೇತಿಯೂ ಇಲ್ಲದ ಆ ನಾಣ್ಯ 15 ಅಥವಾ ಅದಕ್ಕಿಂತ ಹೆಚ್ಚು ಬಾರಿ ನೀವು ಬಯಸಿದ ಮುಖ ತೋರಿಸುವ ಸಾಧ್ಯತೆ ಶೇ 21. ಅಂದರೆ ಏನೂ ಮಾಡದ ಐವರು ಕೋಚ್‌ಗಳಲ್ಲಿ ಒಬ್ಬರು ಈ ಅವಧಿಯಲ್ಲಿ ಜಾದೂಗಾರರಂತೆ ಕಾಣಬಹುದು. ಅದೇ ರೀತಿ, ನಿಜವಾಗಿ ಆಟ ಸುಧಾರಿಸಿದ ಕೋಚ್ ಒಬ್ಬರು ದುರದೃಷ್ಟದಿಂದ ಹನ್ನೆರಡೇ ಗೆಲುವು ಕಂಡು ಮನೆಗೆ ಹೋಗಬಹುದು. ಹಲವು ಕೋಚ್‌ಗಳಿಗೆ 25 ಪಂದ್ಯಗಳ ಸಾವಧಾನವೂ ಸಿಗುವುದಿಲ್ಲ.

ಫುಟ್‌ಬಾಲ್‌ನಲ್ಲಿ ಈ ಗೊಂದಲವನ್ನು ಬಿಡಿಸಲು ಸ್ವಲ್ಪ ಸುಲಭ, ಏಕೆಂದರೆ ಅಲ್ಲಿ ಹೋಲಿಸಿ ನೋಡಲು ಕ್ಲಬ್‌ಗಳಿವೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಅಲ್ಲಿನ ಫುಟ್‌ಬಾಲ್‌ನ 1986ರಿಂದ 2004ರವರೆಗಿನ ದಾಖಲೆಗಳನ್ನು ಹರಡಿಕೊಂಡು, ಸೋಲಿನ ಸರಣಿಯ ನಂತರ ವ್ಯವಸ್ಥಾಪಕರನ್ನು ಕಿತ್ತುಹಾಕಿದ ಕ್ಲಬ್‌ಗಳನ್ನೂ ಅಂಥದ್ದೇ ಸೋಲು ಕಂಡು ಹಳಬರನ್ನೇ ಇಟ್ಟುಕೊಂಡ ಕ್ಲಬ್‌ಗಳನ್ನೂ ಅಕ್ಕಪಕ್ಕ ಇಟ್ಟರು. ಕಿತ್ತುಹಾಕಿದವರು ಚೇತರಿಸಿಕೊಂಡದ್ದು ನಿಜ, ಇಟ್ಟುಕೊಂಡವರೂ ಹಾಗೆಯೇ ಚೇತರಿಸಿಕೊಂಡಿದ್ದರು. ಟೆನಿಸ್‌ನಲ್ಲಿ ಇನ್ನೊಬ್ಬ ಸಬಲೆಂಕಾ ಇಲ್ಲ. ಸಾಲದ್ದಕ್ಕೆ ಇಲ್ಲಿ ಒಂದೇ ಸಲಕ್ಕೆ ಹತ್ತು ಸಂಗತಿಗಳು ಬದಲಾಗುತ್ತವೆ. ನೊವಾಕ್ ಜೊಕೊವಿಚ್ 2017ರಲ್ಲಿ ಕೋಚ್ ಮಾರಿಯನ್ ವಾಯ್ದಾ ಅವರೂ ಸೇರಿದಂತೆ ಇಡೀ ತಂಡವನ್ನು ಬಿಟ್ಟರು, ಸೊರಗಿದರು; 2018ರ ಏಪ್ರಿಲ್‌ನಲ್ಲಿ ವಾಯ್ದಾ ಮರಳಿದರು, ಆ ವರ್ಷವೇ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಎರಡೂ ಕೈಸೇರಿದವು. ಹಳೆಯ ಗುರುವಿನ ಮಹಿಮೆ ಎನ್ನೋಣವೆಂದರೆ, ಆ ವರ್ಷದ ಆರಂಭದಲ್ಲೇ ಜೊಕೊವಿಚ್ ಬಹುಕಾಲದಿಂದ ಕಾಡುತ್ತಿದ್ದ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗೆದ್ದದ್ದು ವಾಯ್ದಾ ಅವರಿಂದಲೋ ಮೊಣಕೈಯಿಂದಲೋ ಎಂದು ಬೇರ್ಪಡಿಸುವ ಉಪಕರಣ ಯಾವ ವಿಜ್ಞಾನಿಯ ಬಳಿಯೂ ಇಲ್ಲ.

ಇಷ್ಟು ಹೇಳಿ ಕೋಚ್‌ಗಳೆಲ್ಲ ದಂಡ ಎಂದು ತೀರ್ಮಾನಿಸಿದರೆ ಅದೂ ಅವಸರವೇ. ಸಬಲೆಂಕಾ ಅವರ ಸರ್ವ್‌ಗೆ ಮತ್ತೆ ಬರೋಣ. ಅದು ಅದೃಷ್ಟದಿಂದ ಮಾತ್ರ ಸರಿಹೋಯಿತು ಎನ್ನಲಾಗದು. 2022ರಲ್ಲಿ ಅವರು ಒಟ್ಟು 400ಕ್ಕೂ ಹೆಚ್ಚು ಡಬಲ್ ಫಾಲ್ಟ್ ಮಾಡಿದ್ದರು. ಇಷ್ಟೊಂದು ಬಾರಿ ಮರುಕಳಿಸುವ ತಪ್ಪು ದುರದೃಷ್ಟವಲ್ಲ, ಯಂತ್ರದ ದೋಷ. ಸರ್ವ್ ಎಂಬುದು ನೆಲವನ್ನು ಕಾಲಿನಿಂದ ಒತ್ತುವುದರಿಂದ ಶುರುವಾಗಿ ಸೊಂಟ, ಬೆನ್ನು, ಭುಜ, ಮೊಣಕೈ, ಮಣಿಕಟ್ಟಿನ ಮೂಲಕ ರ‍್ಯಾಕೆಟ್‌ಗೆ ಹರಿಯುವ ಶಕ್ತಿಯ ಸರಪಳಿ. ಆ ಶಕ್ತಿಯ ಅರ್ಧದಷ್ಟು ಕಾಲು ಮತ್ತು ಮುಂಡದಿಂದಲೇ ಬರುತ್ತದೆ. ಒಂದು ಕೊಂಡಿ ಅರೆಕ್ಷಣ ತಡವಾದರೂ ಅದರ ಕೊರತೆಯನ್ನು ತುಂಬಲು ಕೈ ಒದ್ದಾಡುತ್ತದೆ. ಟೆನಿಸ್‌ನ ಇತರ ಹೊಡೆತಗಳಲ್ಲಿ ಎದುರಾಳಿ ಕಳಿಸಿದ ಚೆಂಡಿಗೆ ಉತ್ತರ ಕೊಡುವ ಗಡಿಬಿಡಿಯಲ್ಲಿ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಸರ್ವ್‌ನಲ್ಲಿ ಮಾತ್ರ ಆಟಗಾರ್ತಿ ಒಂಟಿಯಾಗಿ ನಿಂತು, ಚೆಂಡು ಪುಟಿಸುತ್ತಾ, ಬೇಕಾದಷ್ಟು ಯೋಚಿಸಬಹುದು. ಅಪಾಯ ಇರುವುದು ಅಲ್ಲಿಯೇ. ಮೈಗೂಡಿದ ಚಲನೆಯನ್ನು ಒತ್ತಡದಲ್ಲಿ ಪ್ರಜ್ಞಾಪೂರ್ವಕವಾಗಿ ನಡೆಸಲು ಹೋದರೆ ಅದು ಕೆಡುತ್ತದೆ ಎಂಬುದನ್ನು ಸಂಶೋಧಕ ರಿಚ್ ಮಾಸ್ಟರ್ಸ್ 1992ರಲ್ಲಿ ಗಾಲ್ಫ್ ಚೆಂಡು ಹೊಡೆಯುವ ಪ್ರಯೋಗದಲ್ಲಿ ತೋರಿಸಿದ್ದರು. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದಿಡಬೇಕೆಂದು ಯೋಚಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಬಲೆಂಕಾ ಮಾಡಿದ್ದು ಕೋಚ್ ಬದಲಾವಣೆಯಲ್ಲ, ಕೆಲಸದ ಹಂಚಿಕೆ. ಡುಬ್ರೊವ್ ಉಳಿದರು, ದೇಹದ ಚಲನೆಯನ್ನು ಬಲ್ಲ ಗ್ಯಾವಿನ್ ಮ್ಯಾಕ್‌ಮಿಲನ್ ಎಂಬವರು ಸರ್ವ್‌ನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಚ್ಚಿ ಜೋಡಿಸಲು ಬಂದರು. ಮೆಲ್ಬರ್ನ್ ಫೈನಲ್‌ನಲ್ಲಿ ಗೆಲುವಿಗೆ ಒಂದೇ ಪಾಯಿಂಟ್ ಬೇಕಿದ್ದಾಗ ಸಬಲೆಂಕಾ ಡಬಲ್ ಫಾಲ್ಟ್ ಮಾಡಿದರು. ವರ್ಷದ ಹಿಂದೆಯಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತೇನೋ. ಅಂದು ಅದೇ ಗೇಮ್‌ನಲ್ಲಿ ಮತ್ತೆ ಅವಕಾಶ ಗಿಟ್ಟಿಸಿಕೊಂಡು ಮುಗಿಸಿದರು.

ಆಟಗಾರ ಮತ್ತು ಕೋಚ್ ನಡುವಿನ ಸಂಬಂಧ ಟೆನಿಸ್‌ನಲ್ಲಿ ವಿಚಿತ್ರವಾಗಿರುವುದಕ್ಕೆ ಹಣದ ಹರಿವು ದೊಡ್ಡ ಕಾರಣ. ಫುಟ್‌ಬಾಲ್‌ನಲ್ಲಿ ಇಬ್ಬರಿಗೂ ಸಂಬಳ ಕೊಡುವುದು ಕ್ಲಬ್, ಕ್ರಿಕೆಟ್‌ನಲ್ಲಿ ಮಂಡಳಿ. ಟೆನಿಸ್‌ನಲ್ಲಿ ಮಾತ್ರ ಶಿಷ್ಯನೇ ಗುರುವಿನ ಯಜಮಾನ. ವಾರದ ಸಂಬಳ, ಪ್ರಯಾಣದ ಖರ್ಚು, ಬಹುಮಾನದಲ್ಲೊಂದು ಪಾಲು ಎಲ್ಲವೂ ಆಟಗಾರನ ಕಿಸೆಯಿಂದಲೇ. ‘ನಿನ್ನ ಬ್ಯಾಕ್‌ಹ್ಯಾಂಡ್ ಸೋಮಾರಿಯಾಗಿದೆ’ ಎಂದು ತನಗೆ ಅನ್ನ ಹಾಕುವ ಇಪ್ಪತ್ತರ ಹುಡುಗನಿಗೆ ಐವತ್ತರ ಕೋಚ್ ಹೇಳಬೇಕು, ಅದೂ ವರ್ಷದಲ್ಲಿ ಮೂವತ್ತು ವಾರ ಒಟ್ಟಿಗೆ ಊಟ ಮಾಡುವ ಹೋಟೆಲಿನ ಮೇಜಿನಲ್ಲಿ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಸೋಫಿಯಾ ಜೋವೆಟ್ ಈ ಬಗೆಯ ನಂಟನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಪರಸ್ಪರ ವಿಶ್ವಾಸ ಮತ್ತು ಬದ್ಧತೆಯ ಜೊತೆಗೆ ಅವರು ಎಣಿಸುವ ಒಂದು ಅಂಶ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ನಮ್ಮ ಸಂಬಂಧ ಹೇಗಿದೆ ಎಂಬ ಬಗ್ಗೆ ಇಬ್ಬರ ಅಂದಾಜೂ ಒಂದೇ ಆಗಿದೆಯೇ ಎಂಬುದು. ನವೊಮಿ ಒಸಾಕಾ 2019ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು ಮೊದಲ ಶ್ರೇಯಾಂಕಕ್ಕೇರಿ, ಫೆಬ್ರವರಿಯಲ್ಲಿ ಕೋಚ್ ಸಾಶಾ ಬಾಯಿನ್ ಅವರಿಂದ ಬೇರೆಯಾದಾಗ ಕ್ರೀಡಾಲೋಕಕ್ಕೆ ತಲೆಬುಡ ಅರ್ಥವಾಗಲಿಲ್ಲ. ಸಂತೋಷಕ್ಕಿಂತ ಯಶಸ್ಸನ್ನು ಮುಂದಿಡುವುದು ತನಗೆ ಬೇಡ ಎಂಬುದು ಒಸಾಕಾ ಅವರ ವಿವರಣೆಯಾಗಿತ್ತು. ಹೊರಗಿನಿಂದ ನಮಗೆ ಕಾಣುವುದು ಅಂಕಪಟ್ಟಿ ಮಾತ್ರ, ಊಟದ ಮೇಜು ಕಾಣುವುದಿಲ್ಲ. 2021ರಲ್ಲಿ ಅರ್ಹತಾ ಸುತ್ತಿನಿಂದ ಬಂದು ಒಂದೂ ಸೆಟ್ ಸೋಲದೆ ಅಮೆರಿಕನ್ ಓಪನ್ ಗೆದ್ದ ಎಮ್ಮಾ ರಾಡುಕಾನು ಅಂದಿನಿಂದ ಬದಲಿಸಿದ ಕೋಚ್‌ಗಳ ಪಟ್ಟಿಯನ್ನು ಹಿಡಿದು ಹಂಗಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಆದ ಆ ಗೆಲುವಿನಷ್ಟು ಎತ್ತರದಿಂದ ಸರಾಸರಿಯತ್ತ ಮರಳುವ ದಾರಿ ಯಾರ ಕೈಹಿಡಿದು ನಡೆದರೂ ಇಳಿಜಾರೇ.

ಇನ್ನು ಕೋಚ್‌ನ ಮಾತು ಎಷ್ಟಿರಬೇಕು? ಚಲನೆಯ ಕಲಿಕೆಯ ಬಗ್ಗೆ ಕ್ಯಾರೊಲೀ ವಿನ್‌ಸ್ಟೈನ್ ಮತ್ತು ರಿಚರ್ಡ್ ಶ್ಮಿಟ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವರಿಗೆ ಪ್ರತಿ ಪ್ರಯತ್ನದ ನಂತರವೂ, ಉಳಿದವರಿಗೆ ಅರ್ಧದಷ್ಟು ಪ್ರಯತ್ನಗಳ ನಂತರ ಮಾತ್ರವೂ ಎಷ್ಟು ತಪ್ಪಾಯಿತೆಂದು ತಿಳಿಸಲಾಗುತ್ತಿತ್ತು. ಮುಂದೆ ಯಾರೂ ಏನೂ ಹೇಳದೆ ಪರೀಕ್ಷಿಸಿದಾಗ ಕಡಿಮೆ ಕೇಳಿಸಿಕೊಂಡವರೇ ಮೇಲಾದರು. ಸದಾ ಉತ್ತರ ಸಿಗುತ್ತಿದ್ದರೆ ಮಿದುಳು ತಾನೇ ತಪ್ಪು ಹಿಡಿಯುವ ಅಭ್ಯಾಸ ಬಿಡುತ್ತದೆ. 2003ರ ಕೊನೆಯಲ್ಲಿ ಪೀಟರ್ ಲುಂಡ್‌ಗ್ರೆನ್ ಅವರನ್ನು ಬಿಟ್ಟ ಫೆಡರರ್ 2004ರಲ್ಲಿ ಕೋಚ್ ಇಲ್ಲದೆಯೇ ಮೂರು ಗ್ರ್ಯಾನ್‌ಸ್ಲಾಂ ಗೆದ್ದದ್ದನ್ನು ಕೋಚ್ ಬೇಡ ಎಂಬುದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ನನಗೆ ಅದು ಹಿಂದಿನ ಕೋಚ್‌ಗಳಿಗೆ ಸಿಕ್ಕ ಅಂಕಪಟ್ಟಿಯಂತೆ ಕಾಣುತ್ತದೆ. ಆ ದೃಷ್ಟಿಯಿಂದ ಹೊಸ ನಿಯಮ ಕುತೂಹಲಕರ. 2018ರ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಆಗ ನಿಷಿದ್ಧವಾಗಿದ್ದ ಕೈಸನ್ನೆಯನ್ನು ಗ್ಯಾಲರಿಯಿಂದ ಮಾಡಿದ ಕೋಚ್ ಪ್ಯಾಟ್ರಿಕ್ ಮೊರಾಟೊಗ್ಲು ಅವರಿಂದಾಗಿ ಸೆರೆನಾ ವಿಲಿಯಮ್ಸ್ ಎಚ್ಚರಿಕೆ ಪಡೆದದ್ದು ದೊಡ್ಡ ರಂಪವಾಗಿತ್ತು. ಅದೇ ಕೈಸನ್ನೆ, ಹಲವು ವರ್ಷಗಳ ಪ್ರಯೋಗದ ನಂತರ, 2025ರ ಜನವರಿ 1ರಿಂದ ಆಟದ ನಿಯಮಗಳಲ್ಲೇ ಸೇರಿಹೋಗಿದೆ. ಈಗ ಪ್ರತಿ ಪಾಯಿಂಟ್ ಮುಗಿದೊಡನೆ ಕೆಲವು ಆಟಗಾರರ ಕತ್ತು ಗ್ಯಾಲರಿಯತ್ತ ತಿರುಗುವುದನ್ನು ನೋಡಿದರೆ ವಿನ್‌ಸ್ಟೈನ್ ಅವರ ಪ್ರಯೋಗಶಾಲೆಯ ನೆನಪಾಗುತ್ತದೆ.

ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಕೆಲವು ವರ್ಷಗಳ ಹಿಂದೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಆಟ ಬಿಡುತ್ತೇನೆಂದು ಹೆಂಡತಿಗೆ ಸಂದೇಶ ಕಳಿಸಿದ್ದನ್ನು ಅವರು ಅಂದು ನೆನೆದರು. ಬಹುಕಾಲ ಜೊತೆಗಿದ್ದ ಕೋಚ್ ಸ್ಕಾಟ್ ಡೇವಿಡಾಫ್ ಅವರಿಗೆ ಕೃತಜ್ಞತೆ ಹೇಳಿದರು. ಆ ಐದು ತಿಂಗಳಲ್ಲಿ ಕೋಚ್ ಬದಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಕೊನೆಗೆ, ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಒಂದು ಪಂದ್ಯ. 2025ರ ವಿಂಬಲ್ಡನ್ ಫೈನಲ್‌ಗೆ ಮೊದಲು ಯಾನಿಕ್ ಸಿನ್ನರ್ ತಮ್ಮ ಕೋಚ್ ಡ್ಯಾರೆನ್ ಕೇಹಿಲ್ ಜೊತೆ ಪಣ ಕಟ್ಟಿದ್ದರು. ಸೋತು ಕೆಲಸ ಕಳೆದುಕೊಳ್ಳುವ ಭಯ ಇಲ್ಲಿ ಕೋಚ್‌ಗೆ ಇರಲಿಲ್ಲ. ವರ್ಷದ ಕೊನೆಗೆ ತಾನಾಗಿಯೇ ಹೊರಡಲು ಕೇಹಿಲ್ ತಯಾರಾಗಿದ್ದರು. ತಾನು ಗೆದ್ದರೆ ಕೇಹಿಲ್ ಉಳಿಯಬೇಕೋ ಬೇಡವೋ ಎಂಬ ತೀರ್ಮಾನ ತನ್ನದು, ಇದು ಶಿಷ್ಯನ ಷರತ್ತು. ಸಿನ್ನರ್ ಮೊದಲ ಸೆಟ್ ಸೋತು, ಮುಂದಿನ ಮೂರನ್ನೂ ಗೆದ್ದರು.