ಲ್ಯೂಕ್ಟ್ರಾದಲ್ಲಿ ಸತ್ತ 400 ಜನ: ಸ್ಪಾರ್ಟಾ ಯಾಕೆ ಮತ್ತೆ ಏಳಲಿಲ್ಲ?

ಅಥೆನ್ಸ್, ಸ್ಪಾರ್ಟಾ, ಥೀಬ್ಸ್. ಪ್ರಾಚೀನ ಗ್ರೀಸ್‌ನ ಪಾಠದಲ್ಲಿ ಯುದ್ಧಗಳು ಮುಗಿಯುವುದೇ ಇಲ್ಲ. ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಪ್ರತಿ ನಗರದ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಎಲ್ಲಿಂದ ಬರುತ್ತಿತ್ತು? ಯುದ್ಧಕ್ಕೆ ಯಾರು ಹೋಗುತ್ತಿದ್ದರು? ಹೀಗೆ ಓದಿದರೆ ಪಾಠ ತಲೆಯಲ್ಲಿ ನಿಲ್ಲುತ್ತದೆ.

ಅಥೆನ್ಸ್‌ನ ಬಲ ಹಡಗು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯಾದ ನೌಕಾಪಡೆ ಸೋತಾಗ ಗ್ರೀಕರ ಕಡೆ ಜಾಸ್ತಿ ಹಡಗು ಇದ್ದದ್ದು ಅಥೆನ್ಸ್‌ನವೇ. 478ರಲ್ಲಿ ಅದರ ಮುಂದಾಳತ್ವದಲ್ಲಿ ಪರ್ಷಿಯಾ ವಿರುದ್ಧ ಗ್ರೀಕ್ ನಗರಗಳ ಡೆಲಿಯನ್ ಒಕ್ಕೂಟ ಹುಟ್ಟಿತು. ಸೇರಿದ ನಗರಗಳು ಹಡಗು ಕೊಡಬೇಕು, ಇಲ್ಲವೇ ಹಣ ಕೊಡಬೇಕು. ಹೆಚ್ಚಿನವು ಹಣವನ್ನೇ ಕೊಟ್ಟವು. ಆ ಹಣದಿಂದ ಅಥೆನ್ಸ್‌ನ ನೌಕಾಪಡೆ ಬೆಳೆಯಿತು, ಕೊಟ್ಟವರ ಕೈಯಲ್ಲಿ ಹಡಗೇ ಉಳಿಯಲಿಲ್ಲ. ಒಕ್ಕೂಟ ಬಿಡಲು ಹೊರಟ ನಾಕ್ಸೋಸ್‌ಗೆ ಮುತ್ತಿಗೆ ಬಿತ್ತು. 454ರಲ್ಲಿ ಖಜಾನೆಯೇ ಡೆಲೋಸ್ ದ್ವೀಪದಿಂದ ಅಥೆನ್ಸ್‌ಗೆ ಬಂತು. ಗೆಳೆತನ ಕಪ್ಪವಾಗಿ ಬದಲಾದದ್ದು ಹೀಗೆ.

431ರಲ್ಲಿ ಸ್ಪಾರ್ಟಾ ವಿರುದ್ಧ ಶುರುವಾದ ಪೆಲೊಪೊನೀಸಿಯನ್ ಯುದ್ಧದಲ್ಲಿ ಅಥೆನ್ಸ್‌ಗೆ ಸಾಂಕ್ರಾಮಿಕ ರೋಗ ಬಡಿಯಿತು, ಸಿಸಿಲಿಗೆ ಹೋದ ದೊಡ್ಡ ಪಡೆ ನಾಶವಾಯಿತು. ಕೊನೆಗೆ ಪರ್ಷಿಯಾದ ಹಣದಿಂದ ಸ್ಪಾರ್ಟಾ ಕೂಡ ಹಡಗು ಕಟ್ಟಿತು. 405ರಲ್ಲಿ ಅಥೆನ್ಸ್‌ನ ನೌಕಾಪಡೆ ನಾಶವಾಯಿತು, 404ರಲ್ಲಿ ನಗರ ಶರಣಾಯಿತು.

ಈಗ ಸ್ಪಾರ್ಟಾ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೆಚ್ಚಿನವರು ಓಡಿಸಿಕೊಂಡು ಹೋಗುವ ಭಾಗ ಇದೇ. ಅಥೆನ್ಸ್ ಸಿಸಿಲಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡೂ ಒಂಬತ್ತು ವರ್ಷ ಹೋರಾಡಿತು. ಸ್ಪಾರ್ಟಾ 371ರಲ್ಲಿ ಥೀಬ್ಸ್ ವಿರುದ್ಧದ ಲ್ಯೂಕ್ಟ್ರಾ ಯುದ್ಧದಲ್ಲಿ ಕಳೆದುಕೊಂಡ ಪೂರ್ಣ ಪೌರರು ಸುಮಾರು 400. ಅಷ್ಟಕ್ಕೇ ಬಿದ್ದಿತು. ಯಾಕೆ?

ಉತ್ತರ ಊಟದ ಪಂಕ್ತಿಯಲ್ಲಿದೆ. ಸ್ಪಾರ್ಟಾದ ಪೌರ ದುಡಿಯುತ್ತಿರಲಿಲ್ಲ, ಅವನ ಕೆಲಸ ಯುದ್ಧ ಮಾತ್ರ. ಹೊಲ ಉಳುತ್ತಿದ್ದವರು ಹೆಲಟ್‌ಗಳು, ಅಂದರೆ ಜೀತದಲ್ಲಿದ್ದ ರೈತರು. ಪೌರರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು, ಅದಕ್ಕೆ ಪ್ರತಿ ತಿಂಗಳೂ ಬಾರ್ಲಿ, ವೈನ್, ಚೀಸ್, ಅಂಜೂರ ತರಬೇಕು. ತರಲು ಆಗದವನ ಪೌರತ್ವವೇ ಹೋಗುತ್ತಿತ್ತು. ಭೂಮಿ ಕೆಲವರ ಕೈ ಸೇರುತ್ತಾ ಹೋದಂತೆ ಪಂಕ್ತಿಯಿಂದ ಎದ್ದು ಹೋಗುವವರೂ ಜಾಸ್ತಿಯಾದರು. ಹೊಸಬರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 480ರಲ್ಲಿ ಸುಮಾರು 8,000 ಪೌರರಿದ್ದರು ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಲ್ಯೂಕ್ಟ್ರಾ ಕಣಕ್ಕೆ ಬಂದವರು 700 ಮಾತ್ರ. ಅದರಲ್ಲಿ 400 ಅಂದರೆ ಎಷ್ಟಾಯಿತು ನೋಡಿ! ರಾಜ ಕ್ಲಿಯೊಂಬ್ರೋಟಸ್ ಕೂಡ ಸತ್ತ. ಓಡಿಬಂದವರ ಹಕ್ಕು ಕಿತ್ತುಕೊಳ್ಳಬೇಕು ಎಂಬ ಕಾನೂನಿತ್ತು. ಹಾಗೆ ಮಾಡಿದರೆ ಸೈನಿಕರೇ ಉಳಿಯುವುದಿಲ್ಲ ಅಲ್ವಾ? ಕಾನೂನು ಇವತ್ತೊಂದು ದಿನ ಮಲಗಿರಲಿ ಎಂದನಂತೆ ಇನ್ನೊಬ್ಬ ರಾಜ ಅಜೆಸಿಲಾಸ್ (ಸ್ಪಾರ್ಟಾಗೆ ಒಂದೇ ಕಾಲಕ್ಕೆ ಇಬ್ಬರು ರಾಜರು).

ಗೆದ್ದದ್ದು ಥೀಬ್ಸ್. ಬಲವಾದ ಪಡೆಯನ್ನು ಬಲಗಡೆ ಇಡುವುದು ವಾಡಿಕೆ. ಥೀಬ್ಸ್ ಸೇನಾಪತಿ ಎಪಮಿನಾಂಡಸ್ ಎಡಗಡೆ ಇಟ್ಟ, ಅದೂ 50 ಸಾಲು ಆಳಕ್ಕೆ. ಎದುರಿಗಿದ್ದ ಸ್ಪಾರ್ಟಾದವರು 12 ಸಾಲು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ಆಮೇಲೆ ಮಾಡಿದ ಕೆಲಸ. ಸ್ಪಾರ್ಟಾದ ಹಿಡಿತದಲ್ಲಿದ್ದ ಮೆಸ್ಸೀನಿಯಾ ಪ್ರದೇಶಕ್ಕೆ ನುಗ್ಗಿ ಅಲ್ಲಿನ ಹೆಲಟ್‌ಗಳನ್ನು ಬಿಡಿಸಿದ. 369ರಲ್ಲಿ ಮೆಸ್ಸೀನ್ ಎಂಬ ಅವರದೇ ನಗರ ಎದ್ದಿತು. ಸ್ಪಾರ್ಟಾದ ಪಂಕ್ತಿಗೆ ಬರುತ್ತಿದ್ದ ಕಾಳಿನ ಬಹುಪಾಲು ಅಲ್ಲಿಗೆ ನಿಂತಿತು.

ಥೀಬ್ಸ್‌ನ ಬಲವೂ ಹೆಚ್ಚು ಕಾಲ ಬಾಳಲಿಲ್ಲ. 362ರಲ್ಲಿ ಮಾಂಟಿನಿಯಾದಲ್ಲಿ ಎಪಮಿನಾಂಡಸ್ ಸತ್ತ, ಅವನ ಜಾಗ ತುಂಬುವವರಿರಲಿಲ್ಲ. ಅಷ್ಟರಲ್ಲಿ ಉತ್ತರದಲ್ಲಿ ಮ್ಯಾಸಿಡೋನಿಯಾ ಬೆಳೆಯಿತು. ಅದರ ರಾಜ ಎರಡನೇ ಫಿಲಿಪ್ ಹುಡುಗನಾಗಿದ್ದಾಗ ಥೀಬ್ಸ್‌ನಲ್ಲೇ ಒತ್ತೆಯಾಳಾಗಿದ್ದವನು. 338ರಲ್ಲಿ ಕೈರೋನಿಯಾದಲ್ಲಿ ಅವನನ್ನು ತಡೆಯಲು ಅಥೆನ್ಸ್, ಥೀಬ್ಸ್ ಒಟ್ಟಿಗೆ ನಿಂತು ಸೋತವು. ಆ ಯುದ್ಧಕ್ಕೆ ಸ್ಪಾರ್ಟಾ ಬರಲೇ ಇಲ್ಲ.